ಕೆಳಗೆ ಮೀನು, ಮೇಲೆ ಎಲೆಚುಕ್ಕೆ: ಅಕ್ವಾಪೋನಿಕ್ಸ್ ತರಕಾರಿಗೆ ಬ್ಯಾಕ್ಟೀರಿಯಾ ರೋಗ ಬಂದಾಗ



ಮಳೆಗಾಲ ಶುರುವಾಯ್ತು ಅಂದ್ರೆ ಅಕ್ವಾಪೋನಿಕ್ಸ್ ಮಾಡುವ ಹುಡುಗರಿಂದ ನನಗೆ ಬರುವ ವಾಟ್ಸಾಪ್ ಮೆಸೇಜ್‌ಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಒಂದು ಎಲೆಯ ಫೋಟೋ, ಅದರ ಮೇಲೆ ಕಪ್ಪು ಚುಕ್ಕೆ, ಕೆಳಗೆ ಒಂದು ಪ್ರಶ್ನೆ: "ಅಣ್ಣಾ, ಏನ್ ಹೊಡೀಲಿ?"

ಮಣ್ಣಲ್ಲಿ ಬೆಳೆದ ಗಿಡ ಆಗಿದ್ರೆ ಈ ಪ್ರಶ್ನೆಗೆ ಗೊಬ್ಬರದ ಅಂಗಡಿಯವರು ಅರ್ಧ ನಿಮಿಷದಲ್ಲಿ ಉತ್ತರ ಕೊಡ್ತಾರೆ. ಒಂದು ಪ್ಯಾಕೆಟ್ ಕಾಪರ್ ಆಕ್ಸಿಕ್ಲೋರೈಡ್, ಜೊತೆಗೆ ಒಂದಿಷ್ಟು ಸ್ಟ್ರೆಪ್ಟೋಸೈಕ್ಲಿನ್. ಆದರೆ ನಿಮ್ಮ ಗಿಡದ ಬೇರು ಇರೋದು ಮೀನಿನ ನೀರಲ್ಲಿ. ಎಲೆಗೆ ಹೊಡೆದದ್ದು ಥರ್ಮಾಕೋಲ್ ಶೀಟ್ ಮೇಲೆ ಇಳಿದು, ಕಪ್‌ನ ಸಂದಿಯಿಂದ ನೀರಿಗೆ ಬಿದ್ದು, ಪಂಪ್ ಮೂಲಕ ಸುತ್ತಿ ಮೀನಿನ ಟ್ಯಾಂಕ್ ಸೇರುತ್ತೆ. ಹಾಗಾಗಿ ನಾನು ಕೊಡುವ ಉತ್ತರ ಕೆಲವರಿಗೆ ಬೇಸರ ತರುತ್ತೆ: ಏನೂ ಹೊಡೀಬೇಡ. ಮೊದಲು ಎಲೆ ಮೇಲೆ ನೀರು ನಿಲ್ಲೋದನ್ನ ತಪ್ಪಿಸು. ಯಾಕೆ ಹೀಗೆ ಹೇಳ್ತೀನಿ ಅನ್ನೋದನ್ನ ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಇದು ಯಾವ ರೋಗ?

ಕೃಷಿ ಕೈಪಿಡಿಗಳಲ್ಲಿ ಇದನ್ನ "ದುಂಡಾಣು ಎಲೆಚುಕ್ಕೆ ರೋಗ" ಅಂತ ಬರೀತಾರೆ. ದುಂಡಾಣು ಅಂದ್ರೆ ಬ್ಯಾಕ್ಟೀರಿಯಾ. ನಮ್ಮ ಕಡೆ ರೈತರಿಗೆ ಇದರ ಪರಿಚಯ ಚೆನ್ನಾಗೇ ಇದೆ. ಬಾಗಲಕೋಟೆ, ಕೊಪ್ಪಳ, ಚಿತ್ರದುರ್ಗದ ಕಡೆ ದಾಳಿಂಬೆ ತೋಟಗಳನ್ನ ಹಾಳು ಮಾಡಿದ ಅಂಗಮಾರಿ ರೋಗ ಕ್ಸಾಂಥೊಮೊನಾಸ್ ಅನ್ನೋ ಬ್ಯಾಕ್ಟೀರಿಯಾದ್ದು. ಲೆಟ್ಯೂಸ್ ಎಲೆ ಮೇಲೆ ಕಪ್ಪು ಚುಕ್ಕೆ ತರೋದು, ಎಲೆಕೋಸು ಮತ್ತು ಹೂಕೋಸಿಗೆ ಕಪ್ಪು ಕೊಳೆ ತರೋದು, ಟೊಮ್ಯಾಟೊ ಮತ್ತು ದೊಣ್ಣೆ ಮೆಣಸಿನಕಾಯಿಗೆ ಎಲೆಚುಕ್ಕೆ ತರೋದು ಕೂಡ ಅದೇ ಕುಟುಂಬದ ಬೇರೆ ಬೇರೆ ಸದಸ್ಯರು. ಇನ್ನೊಂದು ಗುಂಪು ಸ್ಯೂಡೊಮೊನಾಸ್. ಬೇಸಿಲ್ ಎಲೆಯಲ್ಲಿ ಕಪ್ಪು ಮಚ್ಚೆ, ಕೊತ್ತಂಬರಿಯ ಎಲೆಚುಕ್ಕೆ, ಟೊಮ್ಯಾಟೊದ ಸಣ್ಣ ಸಾಸಿವೆ ಕಾಳಿನಂಥ ಚುಕ್ಕೆ, ಇವೆಲ್ಲ ಅದರ ಕೆಲಸ.

ಒಂದು ಒಳ್ಳೆ ಸುದ್ದಿ ಏನಂದ್ರೆ ಈ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ತಮ್ಮ ಬೆಳೆ ಬಿಟ್ಟು ಬೇರೆ ಬೆಳೆಗೆ ಸುಲಭವಾಗಿ ಹೋಗಲ್ಲ. ಲೆಟ್ಯೂಸ್‌ನ ಕ್ಸಾಂಥೊಮೊನಾಸ್ ಪಕ್ಕದ ಟೊಮ್ಯಾಟೊವನ್ನ ಹಾಳು ಮಾಡಲ್ಲ. ಬೇಸಿಲ್‌ಗೆ ಬರುವ ಸ್ಯೂಡೊಮೊನಾಸ್ ಮಾತ್ರ ಸ್ವಲ್ಪ ತುಂಟ, ಅದು ಲೆಟ್ಯೂಸ್ ಸೇರಿ ಹಲವು ಗಿಡಗಳ ಮೇಲೆ ಬದುಕುತ್ತೆ.

ಗ್ರಾಹಕರು ಕೇಳುವ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಿಬಿಡ್ತೀನಿ. ಎಲೆಚುಕ್ಕೆಯ ಬ್ಯಾಕ್ಟೀರಿಯಾ ಮೀನಿನಿಂದ ಬಂದಿದ್ದಲ್ಲ, ಮೀನಿಗೆ ಹೋಗೋದೂ ಇಲ್ಲ. ಮೀನಿಗೆ ಹುಣ್ಣು ತರುವ ಏರೋಮೊನಾಸ್ ಬೇರೆ, ಅದು ಗಿಡಕ್ಕೆ ಎಲೆಚುಕ್ಕೆ ತರಲ್ಲ. ಎರಡೂ ಒಂದೇ ನೀರಿನ ಸುತ್ತ ಇದ್ದರೂ ಇವುಗಳ ದಾರಿ ಬೇರೆ ಬೇರೆ.

"ಮಣ್ಣಿಲ್ಲ, ಆದ್ದರಿಂದ ರೋಗ ಇಲ್ಲ" ಅನ್ನೋ ಮಾತು

ಯೂಟ್ಯೂಬ್ ವಿಡಿಯೋಗಳಲ್ಲಿ ಈ ಮಾತು ಬಹಳ ಕೇಳಿಬರುತ್ತೆ. ಮಣ್ಣಿನಿಂದ ಬರುವ ಕೆಲವು ರೋಗ ಕಡಿಮೆಯಾಗುತ್ತೆ ಅನ್ನೋದು ನಿಜ. ಆದರೆ ಎಲೆಯ ಬ್ಯಾಕ್ಟೀರಿಯಾಗೆ ಬೇಕಾಗಿರೋದು ಮಣ್ಣಲ್ಲ, ಎಲೆ ಮೇಲೆ ಒಂದಷ್ಟು ಹೊತ್ತು ನಿಲ್ಲುವ ನೀರು. ಶಿಲೀಂಧ್ರ ಎಲೆಯ ಸಿಪ್ಪೆಯನ್ನ ತಾನೇ ಚುಚ್ಚಿ ಒಳಗೆ ಹೋಗಬಲ್ಲದು. ಬ್ಯಾಕ್ಟೀರಿಯಾಗೆ ಆ ಶಕ್ತಿ ಇಲ್ಲ. ಅದಕ್ಕೆ ತೆರೆದ ಬಾಗಿಲು ಬೇಕು: ಗಾಯ, ಅಥವಾ ಪತ್ರರಂಧ್ರ, ಅಥವಾ ಎಲೆ ಅಂಚಿನಲ್ಲಿರುವ ನೀರು ರಂಧ್ರ. ಆ ಬಾಗಿಲ ತನಕ ಈಜಿ ಹೋಗೋಕೆ ನೀರು ಬೇಕು. ನೀರಿಲ್ಲದ ಎಲೆ ಮೇಲೆ ಅದು ಸಾಯದೇ ಇರಬಹುದು, ಆದರೆ ಒಳಗೆ ಹೋಗಿ ಚುಕ್ಕೆ ತರೋದು ಕಷ್ಟ.

ಈಗ ನಿಮ್ಮ ಯೂನಿಟ್ಟನ್ನ ಕಣ್ಣ ಮುಂದೆ ತಂದುಕೊಳ್ಳಿ. ಪಾಲಿಹೌಸ್ ಒಳಗೆ ಮೀನಿನ ಟ್ಯಾಂಕ್, ಪಕ್ಕದಲ್ಲಿ ನೀರಿನ ತೊಟ್ಟಿ, ಅದರ ಮೇಲೆ ತೇಲುವ ಶೀಟ್‌ಗಳಲ್ಲಿ ಒತ್ತೊತ್ತಾಗಿ ಲೆಟ್ಯೂಸ್. ಸಂಜೆ ಸೈಡ್ ಕರ್ಟನ್ ಇಳಿಸಿದಿರಿ. ರಾತ್ರಿಯೆಲ್ಲ ನೀರಿನ ಆವಿ ಒಳಗೇ ಇತ್ತು. ಬೆಳಗ್ಗೆ 6ಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್‌ನಿಂದ ಹನಿ ತೊಟ್ಟಿಕ್ಕುತ್ತಾ ಇರುತ್ತೆ. ಏರ್ ಸ್ಟೋನ್ ಇರುವ ಕಡೆ ಗುಳ್ಳೆ ಒಡೆದು ಸಣ್ಣ ಸಿಂಚನ ಪಕ್ಕದ ಎಲೆಗಳ ತಳಕ್ಕೆ ಹೊಡೀತಾ ಇರುತ್ತೆ. ಜಲ್ಲಿ ಬೆಡ್ ಇದ್ದವರಿಗೆ ನೀರು ಬೀಳುವ ಪೈಪ್‌ನ ಸುತ್ತ ಇದೇ ಕಥೆ. ಮಣ್ಣಿನ ಹೊಲಕ್ಕಿಂತ ಇಲ್ಲಿ ಎಲೆ ಹೆಚ್ಚು ಹೊತ್ತು ಒದ್ದೆ ಇರುತ್ತೆ.

ಇನ್ನೂ ಒಂದು ವಿಷಯ ಇದೆ, ಇದನ್ನ ಬಹಳ ಜನ ಗಮನಿಸಿರಲ್ಲ. ಬೆಳಗಿನ ಜಾವ ಎಲೆಯ ಅಂಚಿನಲ್ಲಿ ಸಾಲಾಗಿ ಮುತ್ತಿನ ಥರ ಹನಿಗಳು ಕೂತಿರುತ್ತವೆ. ಇಬ್ಬನಿ ಅಂದುಕೊಳ್ತೀವಿ. ಇಬ್ಬನಿ ಎಲೆ ತುಂಬ ಹರಡಿರುತ್ತೆ, ಇದು ಅಂಚಿನಲ್ಲಿ ಮಾತ್ರ. ಬೇರು ಸದಾ ನೀರಲ್ಲಿದೆ, ರಾತ್ರಿ ಗಾಳಿಯಲ್ಲಿ ತೇವ ತುಂಬಿದೆ, ಎಲೆಯಿಂದ ಆವಿ ಹೋಗೋಕೆ ಜಾಗ ಇಲ್ಲ. ಹಾಗಾಗಿ ಗಿಡ ಹೆಚ್ಚಾದ ನೀರನ್ನ ಅಂಚಿನ ರಂಧ್ರಗಳಿಂದ ಹೊರಗೆ ತಳ್ಳುತ್ತೆ. ಬಿಎಸ್ಸಿ ಓದುವಾಗ ಇದಕ್ಕೆ ಗಟೇಷನ್ ಅಂತ ಕಲಿತಿದ್ದು ನೆನಪಿದೆ. ಪರೀಕ್ಷೆಯಲ್ಲಿ 2 ಮಾರ್ಕ್ಸ್‌ನ ಪ್ರಶ್ನೆ, ಅಷ್ಟೇ. ಆದರೆ ಕೋಸಿನ ಜಾತಿಯ ಗಿಡಗಳಿಗೆ ಕಪ್ಪು ಕೊಳೆ ರೋಗ ಒಳಗೆ ಹೋಗುವ ಮುಖ್ಯ ಬಾಗಿಲು ಇದೇ. ಹನಿಯಲ್ಲಿ ಒಂದಿಷ್ಟು ಸಕ್ಕರೆ, ಲವಣ ಇರುತ್ತೆ, ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯುತ್ತೆ. ಬಿಸಿಲೇರಿದಾಗ ಆ ಹನಿಯ ಒಂದು ಭಾಗ ಮತ್ತೆ ಎಲೆಯೊಳಗೆ ಎಳೆದುಕೊಂಡು ಹೋಗುತ್ತೆ, ಬ್ಯಾಕ್ಟೀರಿಯಾ ಸಮೇತ. ಅದಕ್ಕೇ ಆ ರೋಗ ಎಲೆ ಅಂಚಿನಿಂದ ಒಳಮುಖವಾಗಿ ಇಂಗ್ಲಿಷ್‌ನ "ವಿ" ಅಕ್ಷರದ ಹಾಗೆ ಹಳದಿಯಾಗುತ್ತೆ.

ಇದಕ್ಕೆ ಔಷಧಿ ಅಂದ್ರೆ ಗಾಳಿ. ಬೆಳಗ್ಗೆ 5ರಿಂದ 8ರವರೆಗೆ ಒಂದೆರಡು ಫ್ಯಾನ್ ಗಿಡದ ಎತ್ತರದಲ್ಲಿ ಓಡಲಿ. ಮಳೆ ಒಳಗೆ ಹೊಡೆಯದಿದ್ದರೆ ರಾತ್ರಿಯೂ ಸೈಡ್ ಕರ್ಟನ್ ಪೂರ್ತಿ ಇಳಿಸಬೇಡಿ. ಲೆಟ್ಯೂಸ್ ಬೇಸಿಗೆಯಲ್ಲಿ 20 ಸೆಂಟಿಮೀಟರ್ ಅಂತರದಲ್ಲಿದ್ದರೆ ಮಳೆಗಾಲದಲ್ಲಿ 25 ಮಾಡಿ. ಗಿಡ ಕಮ್ಮಿಯಾಯ್ತು ಅಂತ ಹೊಟ್ಟೆ ಉರಿಯುತ್ತೆ ನಿಜ, ಆದರೆ ಮಾರೋಕೆ ಬರುವ ಗಿಡ ಜಾಸ್ತಿ ಸಿಗುತ್ತೆ. ಏರ್ ಸ್ಟೋನ್ ಮೇಲೆ ಒಂದು ಶೀಟ್ ಖಾಲಿ ಬಿಡಿ.

ಕಾಪರ್ ಲೆಕ್ಕ ಒಮ್ಮೆ ಹಾಕಿ ನೋಡಿ

"ಸ್ವಲ್ಪ ಹೊಡೆದರೆ ಏನಾಗುತ್ತೆ?" ಅನ್ನುವವರಿಗೆ ನಾನು ಲೆಕ್ಕ ಹಾಕಿಸ್ತೀನಿ.

ಕಾಪರ್ ಆಕ್ಸಿಕ್ಲೋರೈಡ್ ಪ್ಯಾಕೆಟ್ ಮೇಲೆ 50 ಡಬ್ಲ್ಯುಪಿ ಅಂತ ಇರುತ್ತೆ, ಅಂದ್ರೆ ಅದರಲ್ಲಿ ಅರ್ಧ ತೂಕ ತಾಮ್ರ. ಲೀಟರ್‌ಗೆ 3 ಗ್ರಾಂ ಹಾಕಿದರೆ ಲೀಟರ್ ದ್ರಾವಣದಲ್ಲಿ ಒಂದೂವರೆ ಗ್ರಾಂ ತಾಮ್ರ. 10 ಲೀಟರ್ ಹೊಡೆದಿರಿ, ಅದರಲ್ಲಿ ಬರೀ 2 ಲೀಟರ್ ಎಲೆಯಿಂದ ಇಳಿದು ನೀರಿಗೆ ಹೋಯ್ತು ಅಂತಿಟ್ಟುಕೊಳ್ಳಿ. 3 ಗ್ರಾಂ ತಾಮ್ರ. ನಿಮ್ಮ ಒಟ್ಟು ನೀರು 3000 ಲೀಟರ್ ಇದ್ರೆ ಅದು 1 ಪಿಪಿಎಂ.

1 ಪಿಪಿಎಂ ಅಂದ್ರೆ ಜುಜುಬಿ ಅನ್ನಿಸುತ್ತೆ. ಮೀನು ಸಾಕುವವರು ಪಾಚಿಗೆ, ಪರಾವಲಂಬಿಗಳಿಗೆ ಮೈಲುತುತ್ತ ಹಾಕುವಾಗ ಪಾಲಿಸುವ ಒಂದು ನಿಯಮ ಇದೆ. ನೀರಿನ ಆಲ್ಕಲಿನಿಟಿಯನ್ನ 100ರಿಂದ ಭಾಗಿಸಿದರೆ ಎಷ್ಟು ಬರುತ್ತೋ ಅಷ್ಟೇ ಪಿಪಿಎಂ ಮೈಲುತುತ್ತ. ಆಲ್ಕಲಿನಿಟಿ 100 ಇದ್ದರೆ 1 ಪಿಪಿಎಂ ಮೈಲುತುತ್ತ. ಮೈಲುತುತ್ತದಲ್ಲಿ ತಾಮ್ರ ಕಾಲು ಭಾಗ, ಅಂದ್ರೆ 0.25 ಪಿಪಿಎಂ ತಾಮ್ರ. ನಿಮ್ಮ ಲೆಕ್ಕ ಅದರ 4 ಪಟ್ಟು. ಆಲ್ಕಲಿನಿಟಿ 50ಕ್ಕಿಂತ ಕೆಳಗಿದ್ದರೆ ಹಾಕಲೇಬಾರದು ಅನ್ನೋದು ಅದೇ ನಿಯಮದ ಎರಡನೇ ಭಾಗ, ಯಾಕಂದ್ರೆ ಮೆದು ನೀರಿನಲ್ಲಿ ತಾಮ್ರದ ವಿಷ ಹೆಚ್ಚು.

ಅಕ್ವಾಪೋನಿಕ್ಸ್‌ನ ತೊಂದರೆ ಇಲ್ಲೇ ಇರೋದು. ಮೀನಿನ ಅಮೋನಿಯಾವನ್ನ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳು ಕೆಲಸ ಮಾಡ್ತಾ ಮಾಡ್ತಾ ಆಲ್ಕಲಿನಿಟಿಯನ್ನ ತಿಂದು ಹಾಕ್ತವೆ. 1 ಗ್ರಾಂ ಅಮೋನಿಯಾ ಸಾರಜನಕಕ್ಕೆ ಸುಮಾರು 7 ಗ್ರಾಂ ಆಲ್ಕಲಿನಿಟಿ ಖರ್ಚು. ಹಾಗಾಗಿ ಚೆನ್ನಾಗಿ ಓಡ್ತಿರುವ ಹಳೇ ಸಿಸ್ಟಮ್‌ಗಳಲ್ಲಿ ಪಿಎಚ್ 7ಕ್ಕಿಂತ ಕೆಳಗೆ, ಆಲ್ಕಲಿನಿಟಿ ತೀರ ಕಡಿಮೆ. ತಾಮ್ರ ಮೀನನ್ನ ಕೊಲ್ಲೋಕೆ ಹೇಳಿ ಮಾಡಿಸಿದ ನೀರು ಅದು. ಕಾಪರ್ ಆಕ್ಸಿಕ್ಲೋರೈಡ್ ಎಲ್ಲವೂ ಒಮ್ಮೆಲೇ ಕರಗಲ್ಲ, ಒಪ್ಪಿದೆ. ತಳದಲ್ಲಿ ಕೂತು ನಿಧಾನಕ್ಕೆ ಬಿಡುತ್ತೆ. ಹೊಲದಲ್ಲಾದ್ರೆ ಮಣ್ಣು ಅದನ್ನ ಹಿಡಿದಿಟ್ಟುಕೊಳ್ಳುತ್ತೆ, ಇಲ್ಲಿ ಹಿಡಿಯೋಕೆ ಮಣ್ಣೇ ಇಲ್ಲ. ಪ್ರತಿ ಸಲ ಹೊಡೆದಾಗಲೂ ಮೊತ್ತ ಕೂಡುತ್ತಾ ಹೋಗುತ್ತೆ. ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೂ ತಾಮ್ರ ಆಗಿಬರಲ್ಲ. ಅವು ಕುಂದಿದರೆ ಅಮೋನಿಯಾ ಏರುತ್ತೆ, ತಾಮ್ರದಿಂದ ಬದುಕಿದ ಮೀನು ಅಮೋನಿಯಾದಿಂದ ಹೋಗುತ್ತೆ.

ನಮ್ಮ ಸಾವಯವ ಬಳಗದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ತಾಮ್ರಕ್ಕೆ ಸಾವಯವ ಕೃಷಿಯಲ್ಲಿ ಮಿತಿಯೊಳಗೆ ಅನುಮತಿ ಇದೆಯಲ್ಲ, ಹಾಗಾದ್ರೆ ಸೇಫ್ ಅಂತ. ಸಾವಯವದ ಪಟ್ಟಿಯಲ್ಲಿ ಇರೋದು ಬೇರೆ, ಮೀನಿಗೆ ಸುರಕ್ಷಿತ ಅನ್ನೋದು ಬೇರೆ. ಮಲೆನಾಡು, ಕರಾವಳಿಯ ಸ್ನೇಹಿತರಿಗೆ ಇನ್ನೊಂದು ಮಾತು: ಅಡಿಕೆ ತೋಟದ ನಡುವೆ ಅಥವಾ ಪಕ್ಕದಲ್ಲಿ ಯೂನಿಟ್ ಇದ್ದರೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವ ದಿನ ಟ್ಯಾಂಕ್ ಮತ್ತು ತೊಟ್ಟಿಗಳಿಗೆ ಟಾರ್ಪಾಲು ಹಾಕಿ ಮುಚ್ಚಿ. ಶೇಕಡಾ 1ರ ಬೋರ್ಡೋದಲ್ಲಿ ಲೀಟರ್‌ಗೆ ಎರಡೂವರೆ ಗ್ರಾಂ ತಾಮ್ರ ಇರುತ್ತೆ. ಮರದ ತುದಿಯಿಂದ ಗಾಳಿಗೆ ಎಲ್ಲಿ ಬೀಳುತ್ತೆ ಅಂತ ಹೇಳೋಕಾಗಲ್ಲ. ಹೊಡೆದ ಮೇಲಿನ ಮೊದಲ ಮಳೆಯ ನೀರೂ ಸಿಸ್ಟಮ್‌ಗೆ ಸೇರಬಾರದು.

ಸ್ಟ್ರೆಪ್ಟೋಸೈಕ್ಲಿನ್, ಗಂಜಲ, ಬೇವಿನ ಎಣ್ಣೆ

ಸ್ಟ್ರೆಪ್ಟೋಸೈಕ್ಲಿನ್ ಮನುಷ್ಯರಿಗೂ ಬಳಸುವ ಜಾತಿಯ ಆ್ಯಂಟಿಬಯೋಟಿಕ್. ಕೃಷಿಯಲ್ಲಿ ಇದನ್ನ ನಿಲ್ಲಿಸುವ ಕಡೆಗೆ ಕೇಂದ್ರ ಸರ್ಕಾರ 2021ರ ಡಿಸೆಂಬರ್‌ನಲ್ಲೇ ಹೆಜ್ಜೆ ಇಟ್ಟಿದೆ. ಮೀನಿನ ನೀರು ಸುತ್ತುವ ಕಡೆ, ನಾಳೆ ನಾಡಿದ್ದು ಹಸಿಯಾಗಿ ತಿನ್ನುವ ಸೊಪ್ಪಿನ ಮೇಲೆ, ಇದನ್ನ ಹೊಡೆಯೋದು ನನ್ನ ಪ್ರಕಾರ ಚರ್ಚೆಗೂ ತಗೊಳ್ಳಬಾರದ ವಿಷಯ.

ಗಂಜಲ, ಜೀವಾಮೃತ, ಪಂಚಗವ್ಯ ನಾನು ನನ್ನ ಮಣ್ಣಿನ ಬೆಳೆಗೆ ಬಳಸ್ತೀನಿ, ಬಳಸಿ ಅಂತ ಹೇಳ್ತೀನಿ ಕೂಡ. ಅಕ್ವಾಪೋನಿಕ್ಸ್‌ಗೆ ಬೇಡ. ಗಂಜಲ ನೀರಿಗೆ ಬಿದ್ದರೆ ಅಮೋನಿಯಾ. ಸಗಣಿ, ಬೆಲ್ಲ ಬಿದ್ದರೆ ಅದನ್ನ ಕೊಳೆಸುವ ಸೂಕ್ಷ್ಮಜೀವಿಗಳು ಮೀನಿನ ಆಮ್ಲಜನಕ ಕಸಿಯುತ್ತವೆ. ಜೊತೆಗೆ ಸಲಾಡ್‌ಗೆ ಹೋಗುವ ಎಲೆ ಮೇಲೆ ಸಗಣಿ ದ್ರಾವಣ ಬೀಳೋದು ತಿನ್ನುವವರ ಆರೋಗ್ಯಕ್ಕೂ ಸರಿ ಅಲ್ಲ. ಬೇವಿನ ಎಣ್ಣೆಗೆ ಸೋಪು ಬೆರೆಸ್ತೀವಿ, ಆ ಸೋಪು ಮೀನಿನ ಕಿವಿರಿಗೆ ತೊಂದರೆ. ಅಷ್ಟಕ್ಕೂ ಬೇವಿನ ಎಣ್ಣೆ ಹುಳಕ್ಕೆ, ಬ್ಯಾಕ್ಟೀರಿಯಾಗಲ್ಲ.

ಬ್ಯಾಸಿಲಸ್ ಸಬ್ಟಿಲಿಸ್‌ನಂಥ ಜೈವಿಕಗಳ ಬಗ್ಗೆ ಕೇಳ್ತಾರೆ. ರೋಗ ಬರುವ ಮುಂಚೆ, ನರ್ಸರಿಯಲ್ಲಿ, ಪ್ರೋಟ್ರೇ ಮೇಲೆ ಹೊಡೆದರೆ ಒಂದಿಷ್ಟು ಉಪಯೋಗ ಇದೆ. ಬಂದ ಚುಕ್ಕೆಯನ್ನ ಅದು ವಾಸಿ ಮಾಡಲ್ಲ. ತೊಟ್ಟಿಯ ನೀರಿಗೆ ಪ್ಯಾಕೆಟ್ ಸುರಿಯೋದ್ರಿಂದ ಎಲೆಗೆ ಏನೂ ಆಗಲ್ಲ, ಪುಡಿಯಿಂದ ನೀರು ಬಗ್ಗಡ ಆಗುತ್ತೆ ಅಷ್ಟೇ.

ಮೊದಲು ಅದು ಬ್ಯಾಕ್ಟೀರಿಯಾನಾ ನೋಡಿ

ನನಗೆ ಬರುವ ಫೋಟೋಗಳಲ್ಲಿ ಎಷ್ಟೋ ರೋಗವೇ ಅಲ್ಲ. ಮೀನಿನ ಫೀಡ್‌ನಿಂದ ಗಿಡಕ್ಕೆ ಸಾಮಾನ್ಯವಾಗಿ ಸಾಲದೇ ಬರುವ ಪೋಷಕಾಂಶ ಮೂರು: ಪೊಟ್ಯಾಷಿಯಂ, ಕ್ಯಾಲ್ಸಿಯಂ, ಕಬ್ಬಿಣ. ಹಳೇ ಎಲೆಯ ಅಂಚು ಸುಟ್ಟ ಹಾಗೆ ಒಣಗಿದರೆ ಪೊಟ್ಯಾಷಿಯಂ ನೋಡಿ. ಲೆಟ್ಯೂಸ್‌ನ ಒಳಗಿನ ಎಳೇ ಎಲೆಯ ಅಂಚು ಕಂದಾದರೆ ಕ್ಯಾಲ್ಸಿಯಂ. ಎಳೇ ಎಲೆ ಹಳದಿ, ನರ ಮಾತ್ರ ಹಸಿರು ಅಂದ್ರೆ ಕಬ್ಬಿಣ.

ಬ್ಯಾಕ್ಟೀರಿಯಾ ಚುಕ್ಕೆ ಹೊಸದಾಗಿ ಬಂದಾಗ ಎಣ್ಣೆ ಹನಿ ಬಿದ್ದ ಕಾಗದದ ಹಾಗೆ ಕಾಣುತ್ತೆ. ಎಲೆಯನ್ನ ಕಿತ್ತು ಬೆಳಕಿಗೆ ಹಿಡಿದರೆ ಆ ಜಾಗ ಒದ್ದೆಯಾಗಿ, ಪಾರದರ್ಶಕವಾಗಿ ಇರುತ್ತೆ. ಸಣ್ಣ ನರಗಳು ಅದಕ್ಕೆ ಗೋಡೆ ಹಾಕೋದ್ರಿಂದ ಚುಕ್ಕೆ ದುಂಡಗಿರಲ್ಲ, ಮೂಲೆ ಮೂಲೆಯಾಗಿರುತ್ತೆ. ಆಮೇಲೆ ಕಪ್ಪಾಗಿ, ಒಣಗಿ ಕಾಗದದ ಥರ ಆಗುತ್ತೆ. ಲೆಟ್ಯೂಸ್‌ನಲ್ಲಿ ಮೊದಲು ಹೊರಗಿನ ಹಳೇ ಎಲೆಗಳಲ್ಲಿ ಶುರು. ಬೂಸಲು ಇರಲ್ಲ. ಬೇಸಿಲ್ ಎಲೆಯ ತಳದಲ್ಲಿ ಬೂದು ಬೂಸಲು ಕಂಡರೆ ಅದು ಬೂಜು ರೋಗ, ಬೇರೆ ವಿಷಯ. ಟೊಮ್ಯಾಟೊ ಎಲೆಯಲ್ಲಿ ಚುಕ್ಕೆಯೊಳಗೆ ಬಳೆ ಬಳೆ ಥರ ಸುತ್ತು ಇದ್ದರೆ ಅದು ಶಿಲೀಂಧ್ರದ ಅಂಗಮಾರಿ.

ಫೋಟೋ ಕಳಿಸೋದಾದ್ರೆ ಎಲೆಯ ಹಿಂದಿನಿಂದ ಬೆಳಕು ಬರುವ ಹಾಗೆ ಹಿಡಿದು ಒಂದು, ತಳಭಾಗದ್ದು ಒಂದು, ಇಡೀ ಬೆಡ್‌ನದ್ದು ಒಂದು ತೆಗೀರಿ. ಮೂರನೇದೇ ಬಹಳ ಮುಖ್ಯ. ಚುಕ್ಕೆ ಇರುವ ಗಿಡಗಳು ಒಂದು ಹನಿ ಬೀಳುವ ಸಾಲಿನ ಕೆಳಗೇ ಇವೆಯಾ, ಏರ್ ಸ್ಟೋನ್ ಸುತ್ತ ಇವೆಯಾ, ಒಂದೇ ಟ್ರೇಯಿಂದ ಬಂದ ಸಸಿಗಳಾ ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಪೋಷಕಾಂಶದ ಕೊರತೆ ಆಗಿದ್ದರೆ ಸಾಮಾನ್ಯವಾಗಿ ಇಡೀ ಬೆಡ್‌ನಲ್ಲಿ ಒಂದೇ ಸಮ ಕಾಣುತ್ತೆ. ರೋಗ ಹೀಗೆ ಗುಂಪು ಗುಂಪಾಗಿ ಇರುತ್ತೆ.

ಬಂದೇಬಿಟ್ಟಿದೆ, ಈಗೇನು?

ಹೊಸಕೋಟೆ ಕಡೆಯ ಒಬ್ಬ ಹುಡುಗ ಬೆಂಗಳೂರಿನ ರೆಸ್ಟೋರೆಂಟ್‌ಗಳಿಗೆ ಲೆಟ್ಯೂಸ್ ಕೊಡ್ತಾನೆ. ಕಳೆದ ಮಳೆಗಾಲದಲ್ಲಿ ರಾತ್ರಿ 9ಕ್ಕೆ ಫೋನ್ ಮಾಡಿದ. ಮೂರು ಶೀಟ್‌ನಲ್ಲಿ ಚುಕ್ಕೆ, ಕೊಯ್ಲಿಗೆ 12 ದಿನ, ಕಾಪರ್ ತಂದು ಇಟ್ಟಿದ್ದಾನೆ, ಬೆಳಗ್ಗೆ ಹೊಡೀಬೇಕು. ನಾನು ಅವನಿಗೆ ಕೇಳಿದ್ದು ಒಂದೇ: ಲೆಟ್ಯೂಸ್ ಹೋದರೆ ಮತ್ತೆ ಬೆಳೆಯೋಕೆ ಎಷ್ಟು ದಿನ? ನಾಟಿ ಮಾಡಿ 35-40 ದಿನ ಅಂದ. ಮೀನು ಹೋದರೆ? ಸುಮ್ಮನಾದ. ಮೀನು ಮಾರೋ ಸೈಜ್‌ಗೆ ಬರೋಕೆ ಆರೇಳು ತಿಂಗಳು, ಜೊತೆಗೆ ಬಯೋಫಿಲ್ಟರ್ ಹೊಸದಾಗಿ ಕೂರೋಕೆ 4ರಿಂದ 6 ವಾರ. ಕಾಪರ್ ಹೊಡೆದಿದ್ದರೂ ಆ ಚುಕ್ಕೆಯ ಎಲೆ ಮತ್ತೆ ಹಸಿರಾಗ್ತಿರಲಿಲ್ಲ. ತಾಮ್ರ ಹೊಸ ಎಲೆಗೆ ಬರೋದನ್ನ ತಡೆಯುತ್ತೆ, ಬಂದದ್ದನ್ನ ಅಳಿಸಲ್ಲ. ರೆಸ್ಟೋರೆಂಟ್‌ನವರು ಚುಕ್ಕೆಯ ಎಲೆ ಹೇಗೂ ವಾಪಸ್ ಕಳಿಸ್ತಾರೆ.

ಅವನು ಮಾಡಿದ್ದು ಇಷ್ಟು. ಬೆಳಗ್ಗೆ 11ರ ತನಕ ಕಾದ, ಎಲೆ ಪೂರ್ತಿ ಒಣಗೋವರೆಗೆ. ಒದ್ದೆ ಗಿಡ ಮುಟ್ಟಿದರೆ ಕೈಯೇ ರೋಗ ಹರಡುತ್ತೆ. ಮೊದಲು ಚೆನ್ನಾಗಿರುವ ಬೆಡ್‌ಗಳ ಕೆಲಸ ಮುಗಿಸಿ ಕೊನೆಗೆ ರೋಗದ ಶೀಟ್‌ಗೆ ಹೋದ. ಚುಕ್ಕೆಯ ಗಿಡ, ಅದರ ಸುತ್ತಲಿನ ಒಂದು ಸಾಲು ಗಿಡ, ಎಲ್ಲ ಬೇರು ಸಮೇತ ತೆಗೆದು ಅಲ್ಲೇ ಚೀಲಕ್ಕೆ ಹಾಕಿ ಬಾಯಿ ಕಟ್ಟಿದ. ಕೊಡವಲಿಲ್ಲ, ಎಲೆ ಕತ್ತರಿಸುತ್ತಾ ಕೂರಲಿಲ್ಲ. ಅದನ್ನ ಹೊರಗೆ ಗುಂಡಿ ತೋಡಿ ಹೂತ. ಮಾರದ ಎಲೆಯನ್ನ ಹುಲ್ಲುಗೆಂಡೆ ಮೀನಿಗೆ ಹಾಕುವ ಅಭ್ಯಾಸ ಕೆಲವರಿಗಿದೆ, ರೋಗದ ಎಲೆಯನ್ನ ದಯವಿಟ್ಟು ಹಾಕಬೇಡಿ. ತಿಂದು ಉಳಿದ ಚೂರು, ಬ್ಯಾಕ್ಟೀರಿಯಾ, ಎಲ್ಲ ವಾಪಸ್ ನೀರಿಗೇ. ಕತ್ತರಿ, ಚಾಕುವನ್ನ ಶೇಕಡಾ 70ರ ಸ್ಪಿರಿಟ್‌ನಲ್ಲಿ ಅದ್ದಿ ಒರೆಸಬೇಕು.

ಇಲ್ಲಿ ಅಕ್ವಾಪೋನಿಕ್ಸ್‌ನವರೇ ನೆನಪಿಡಬೇಕಾದ ಒಂದು ಅಪಾಯ ಇದೆ. ಮಣ್ಣಲ್ಲಾದ್ರೆ ಇಡೀ ಮಡಿ ಕಿತ್ತು ಬಿಸಾಕಬಹುದು. ಇಲ್ಲಿ ಎಲ್ಲ ಗಿಡ ಒಂದೇ ದಿನ ಕಿತ್ತು, ಶೀಟ್‌ಗಳನ್ನೆಲ್ಲ ತೊಳೆದುಬಿಟ್ಟರೆ ಮೀನು ಸಾಯಬಹುದು. ಬೇರಿನ ಮೇಲೆ, ಶೀಟ್‌ನ ತಳದಲ್ಲಿ, ತೊಟ್ಟಿಯ ಗೋಡೆಯಲ್ಲಿ ಲೋಳೆಯಂತೆ ಕಾಣೋದು ಇದೆಯಲ್ಲ, ಅಮೋನಿಯಾ ಸ್ವಚ್ಛ ಮಾಡುವ ಬ್ಯಾಕ್ಟೀರಿಯಾಗಳ ಮನೆ ಅದು. ಪ್ರತ್ಯೇಕ ಬಯೋಫಿಲ್ಟರ್ ಇಲ್ಲದ ಸಣ್ಣ ಯೂನಿಟ್‌ಗಳಲ್ಲಿ ಅದೇ ಆಧಾರ. ಹಾಗಾಗಿ ಕಾಲು ಭಾಗ, ಕಾಲು ಭಾಗವಾಗಿ ತೆಗೀರಿ, ನಡುವೆ ಮೂರ್ನಾಲ್ಕು ದಿನ ಬಿಡಿ. ಶೀಟ್‌ನ ಮೇಲ್ಭಾಗ ಒರೆಸಿ, ತಳ ಉಜ್ಜಬೇಡಿ. ಗಿಡ ಕಮ್ಮಿಯಾದಷ್ಟು ಫೀಡ್ ಕಮ್ಮಿ ಮಾಡಿ. ತೇಲುವ ಶೀಟ್ ಪದ್ಧತಿಯಲ್ಲಿ ಒಂದು ಚದರ ಮೀಟರ್ ಗಿಡಕ್ಕೆ ದಿನಕ್ಕೆ 60ರಿಂದ 100 ಗ್ರಾಂ ಫೀಡ್ ಅನ್ನೋದು ವರ್ಜಿನ್ ಐಲ್ಯಾಂಡ್ಸ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ರಕೋಸಿ ಅವರ ತಂಡ ಕಂಡುಕೊಂಡ ಲೆಕ್ಕ, ಇವತ್ತಿಗೂ ಎಲ್ಲರೂ ಅದನ್ನೇ ಹಿಡೀತಾರೆ. 20 ಚದರ ಮೀಟರ್‌ನಲ್ಲಿ 5 ಖಾಲಿಯಾದರೆ ಫೀಡ್ ಕೂಡ ಕಾಲು ಭಾಗ ಇಳಿಸಿ. ಆ ವಾರ ದಿನಾ ಅಮೋನಿಯಾ, ನೈಟ್ರೈಟ್ ಕಿಟ್‌ನಲ್ಲಿ ನೋಡಿ.

ಖಾಲಿಯಾದ ಜಾಗಕ್ಕೆ ಅದೇ ಬೆಳೆ ಇಡಬೇಡಿ. ಹೊಸಕೋಟೆಯ ಹುಡುಗ ಆ ಮೂರು ಶೀಟ್‌ಗೆ ಪಾಲಕ್ ಇಟ್ಟ. ಎಲೆಗೆ ಹೊಡೆಯುವ ಯಾವ ಟಾನಿಕ್ಕೂ, ಕಬ್ಬಿಣದ ಸ್ಪ್ರೇ ಕೂಡ, ಆ ಅವಧಿಯಲ್ಲಿ ಬೇಡ. ಕಬ್ಬಿಣ ಬೇಕಿದ್ದರೆ ಕೀಲೇಟ್ ರೂಪದ್ದನ್ನ ನೀರಿಗೇ ಹಾಕಿ.

ಬೀಜ ಮತ್ತು ಪ್ರೋಟ್ರೇ

ರೋಗ ಮೊದಲಿಗೆ ಬಂದದ್ದು ಎಲ್ಲಿಂದ? ಬಹಳಷ್ಟು ಸಲ ಬೀಜದಿಂದ. ಲೆಟ್ಯೂಸ್, ಕೋಸು, ಟೊಮ್ಯಾಟೊ, ದೊಣ್ಣೆ ಮೆಣಸಿನಕಾಯಿ, ಕೊತ್ತಂಬರಿ, ಇವುಗಳ ಬ್ಯಾಕ್ಟೀರಿಯಾ ಬೀಜದ ಜೊತೆ ಬರುತ್ತೆ. ಒಂದು ಟ್ರೇಯಲ್ಲಿ ಒಂದು ಸಸಿಗೆ ಇದ್ದರೆ ಸಾಕು, ರೋಸ್‌ಕ್ಯಾನ್‌ನಲ್ಲಿ ಮೇಲಿಂದ ನೀರು ಹಾಕಿದಾಗ ಟ್ರೇ ತುಂಬ ಚಿಮ್ಮುತ್ತೆ. ಎಲೆ ಮೇಲೆ ಚುಕ್ಕೆ ಕಾಣುವ ಮುಂಚೆಯೇ ಸಸಿಗಳು ಬೆಡ್‌ಗೆ ಹೋಗಿರುತ್ತವೆ. ಅದಕ್ಕೆ ಟ್ರೇಗೆ ನೀರನ್ನ ಕೆಳಗಿನಿಂದ ಕೊಡಿ: ಒಂದು ಅಗಲದ ತಟ್ಟೆಯಲ್ಲಿ ಬೆರಳು ದಪ್ಪ ನೀರು ನಿಲ್ಲಿಸಿ ಟ್ರೇ ಇಟ್ಟು, ಕೋಕೋಪೀಟ್ ಹೀರಿದ ಮೇಲೆ ಎತ್ತಿಬಿಡಿ. ನರ್ಸರಿ ಮೀನಿನ ಶೆಡ್‌ನಿಂದ ಬೇರೆ ಇರಲಿ. ಹಳೇ ಟ್ರೇಗಳನ್ನ ಮನೆಯಲ್ಲಿ ಬಳಸುವ ಬ್ಲೀಚ್ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ ಅರ್ಧ ಗಂಟೆ ಅದ್ದಿ, ಚೆನ್ನಾಗಿ ತೊಳೆದು ಬಿಸಿಲಿಗೆ ಹಾಕಿ. ಕ್ಲೋರಿನ್ ಮೀನಿಗೆ ವಿಷ, ಆ ನೀರು ಸಿಸ್ಟಮ್ ಹತ್ತಿರ ಸುಳಿಯಬಾರದು.

ಬೀಜಕ್ಕೆ ಬಿಸಿನೀರಿನ ಉಪಚಾರ ಹಳೇ ವಿಧಾನ, ಸಾವಯವಕ್ಕೆ ಹೊಂದುತ್ತೆ, ಖರ್ಚಿಲ್ಲ. ಎಲೆಕೋಸು, ಟೊಮ್ಯಾಟೊ 50 ಡಿಗ್ರಿಯಲ್ಲಿ 25 ನಿಮಿಷ. ಹೂಕೋಸು, ಬ್ರೊಕೊಲಿ, ಕೇಲ್ 50 ಡಿಗ್ರಿ, 20 ನಿಮಿಷ. ದೊಣ್ಣೆ ಮೆಣಸಿನಕಾಯಿ 51-52 ಡಿಗ್ರಿ, 30 ನಿಮಿಷ. ಲೆಟ್ಯೂಸ್ ನಾಜೂಕು, 48 ಡಿಗ್ರಿ ದಾಟಬಾರದು, 30 ನಿಮಿಷ. ಬೀಜವನ್ನ ತೆಳು ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ಮೊದಲು 10 ನಿಮಿಷ ಉಗುರುಬೆಚ್ಚಗಿನ ನೀರಲ್ಲಿಟ್ಟು ಆಮೇಲೆ ಬಿಸಿನೀರಿಗೆ. ದೊಡ್ಡ ಪಾತ್ರೆ ತಗೊಳ್ಳಿ, ನೀರು ಜಾಸ್ತಿ ಇದ್ದಷ್ಟು ಬಿಸಿ ಏರುಪೇರಾಗಲ್ಲ. ಡಿಜಿಟಲ್ ಥರ್ಮಾಮೀಟರ್ ಬೇಕೇ ಬೇಕು, ಕೈ ಅಂದಾಜು ನಡೆಯಲ್ಲ. 2 ಡಿಗ್ರಿ ಜಾಸ್ತಿಯಾದರೆ ಬೀಜ ಸಾಯುತ್ತೆ, 2 ಡಿಗ್ರಿ ಕಮ್ಮಿಯಾದರೆ ಬ್ಯಾಕ್ಟೀರಿಯಾ ಬದುಕುತ್ತೆ. ಮುಗಿದ ಕೂಡಲೇ ತಣ್ಣೀರಿಗೆ ಅದ್ದಿ, ನೆರಳಲ್ಲಿ ಆರಿಸಿ. ಹೊಸ ಪ್ಯಾಕೆಟ್ ಬಂದರೆ 50 ಬೀಜಕ್ಕೆ ಮಾಡಿ ಮೊಳಕೆ ನೋಡಿಕೊಂಡು ಉಳಿದದ್ದಕ್ಕೆ ಮಾಡಿ. ಹಳೇ ಬೀಜಕ್ಕೆ, ಬಣ್ಣದ ಲೇಪ ಹಾಕಿದ ಗುಳಿಗೆ ಬೀಜಕ್ಕೆ ಬೇಡ. ಬೇಸಿಲ್‌ಗೂ ಆಗಲ್ಲ. ನಮ್ಮ ಕಾಮಕಸ್ತೂರಿ ಅದೇ ಗಿಡ ತಾನೇ, ಶರಬತ್ತಿಗೆ ಹಾಕಿದ ಬೀಜ ಹೇಗೆ ಊದಿಕೊಂಡು ಲೋಳೆಯಾಗುತ್ತೆ ನೋಡಿದ್ದೀರಿ. ಅದಕ್ಕೆ ನಂಬಿಕಸ್ತರಿಂದ ಬೀಜ ತಗೊಳ್ಳೋದು, ಗಿಡಗಳ ನಡುವೆ ಗಾಳಿ ಬಿಡೋದು, ಅಷ್ಟೇ ದಾರಿ.

ನೀರಿನಲ್ಲೇ ಓಡಾಡುವ ಒಂದು ಬ್ಯಾಕ್ಟೀರಿಯಾ

ಇದುವರೆಗೆ ಹೇಳಿದ್ದೆಲ್ಲ ಎಲೆಯಿಂದ ಎಲೆಗೆ ಹರಡುವ ರೋಗ. ಟೊಮ್ಯಾಟೊ, ಬದನೆ, ಮೆಣಸಿನಕಾಯಿ ಇಟ್ಟವರು ಸೊರಗು ರೋಗದ ರಾಲ್ಸ್ಟೋನಿಯಾ ಬಗ್ಗೆ ಬೇರೆಯಾಗಿ ಎಚ್ಚರ ಇರಬೇಕು, ಅದು ಬೇರಿನಿಂದ ಹೋಗುತ್ತೆ, ಸುತ್ತುವ ನೀರಿನ ಜೊತೆ ಎಲ್ಲ ಗಿಡಕ್ಕೂ ತಲುಪುತ್ತೆ. ಎಲೆಯಲ್ಲಿ ಚುಕ್ಕೆ ಇರಲ್ಲ. ಗಿಡ ಹಸಿರಿದ್ದ ಹಾಗೇ ಮಧ್ಯಾಹ್ನ ಬಾಡಿ, ಕೆಲವೇ ದಿನದಲ್ಲಿ ಕುಸಿಯುತ್ತೆ. ಬುಡದ ಹತ್ತಿರ ಕಾಂಡ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ತುದಿ ಮಾತ್ರ ಮುಳುಗುವ ಹಾಗೆ ಹಿಡೀರಿ. ಕೆಲವು ನಿಮಿಷದಲ್ಲಿ ಹಾಲಿನ ನೂಲಿನಂತೆ ಇಳಿದರೆ ಅದೇ. ಆಗ ಆ ಜಾತಿಯ ಬೆಳೆಗಳನ್ನೆಲ್ಲ ಸಿಸ್ಟಮ್‌ನಿಂದ ತೆಗೆದು ಬರೀ ಸೊಪ್ಪು ಬೆಳೆಯೋದು ಲೇಸು.

ಫಿಲ್ಟರ್ ಆದ ಮೇಲೆ ಯುವಿ ದೀಪ ಹಾಕಿದರೆ ನೀರಲ್ಲಿ ತೇಲುವ ಇಂಥ ಬ್ಯಾಕ್ಟೀರಿಯಾ ಕಡಿಮೆಯಾಗುತ್ತೆ, ನೀರಿನಲ್ಲಿ ಏನೂ ಉಳಿಸಲ್ಲ, ಮೀನಿಗೆ ತೊಂದರೆ ಇಲ್ಲ. ನೀರು ತಿಳಿಯಾಗಿದ್ದರೆ ಮಾತ್ರ ಅದು ಕೆಲಸ ಮಾಡೋದು. ಎಲೆಚುಕ್ಕೆಗೆ ಅಂತ ಯುವಿ ಕೊಳ್ಳೋಕೆ ಹೊರಟವರಿಗೆ ನಾನು ಬೇಡ ಅಂತೀನಿ, ಎಲೆ ಮೇಲಿನ ಹನಿಗೆ ಆ ದೀಪ ತಲುಪಲ್ಲ. ಅದೇ ದುಡ್ಡಲ್ಲಿ ಎರಡು ಫ್ಯಾನ್ ಬರುತ್ತೆ. ಹೊಸದಾಗಿ ಯೂನಿಟ್ ಕಟ್ಟುವವರು ಪ್ರತಿ ಬೆಡ್‌ಗೆ ಬೈಪಾಸ್ ವಾಲ್ವ್ ಇಡಿಸಿಕೊಳ್ಳಿ. ಒಂದು ಬೆಡ್‌ನ ನೀರನ್ನ ಉಳಿದದ್ದರಿಂದ ಬೇರೆ ಮಾಡೋಕೆ ಆಗಬೇಕು.

ಅನುಮಾನ ಉಳಿದರೆ ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಸ್ಯಾಂಪಲ್ ಒಯ್ಯಿರಿ. ಪೂರ್ತಿ ಕೊಳೆತ ಎಲೆ ಬೇಡ, ಹೊಸ ಚುಕ್ಕೆ ಇರುವ ಐದಾರು ಎಲೆ ಸಾಕು. ಒದ್ದೆ ಒರೆಸಿ, ನ್ಯೂಸ್‌ಪೇಪರ್ ಮಡಿಕೆಗಳ ನಡುವೆ ಇಟ್ಟು ಒಯ್ಯಿರಿ, ಪ್ಲಾಸ್ಟಿಕ್ ಕವರ್‌ನಲ್ಲಿ ಒದ್ದೆ ಎಲೆ ಹಾಕಿದರೆ ತಲುಪುವಷ್ಟರಲ್ಲಿ ಬೇರೆ ಕೊಳೆಸುವ ಬ್ಯಾಕ್ಟೀರಿಯಾ ಬೆಳೆದು ಯಾವುದು ಮೂಲ ರೋಗ ಅಂತ ಹೇಳೋಕೆ ಆಗಲ್ಲ. ಬೆಳೆ, ನಾಟಿ ದಿನಾಂಕ, ನೀರಿನ ಪಿಎಚ್ ಒಂದು ಚೀಟಿಯಲ್ಲಿ ಬರೆದಿಡಿ. "ಇದು ಮೀನಿನ ನೀರಲ್ಲಿ ಬೆಳೆದದ್ದು" ಅಂತ ಮೇಲೆ ದಪ್ಪಗೆ ಬರೀರಿ, ಇಲ್ಲದಿದ್ದರೆ ಅವರೂ ಅಭ್ಯಾಸಬಲದಿಂದ ಕಾಪರ್ ಬರೆದು ಕೊಡಬಹುದು.